ತಜ್ಞರ ಉತ್ತರ: ರೋಡ್‌ಸ್ಟರಿಗೆ ತಗಡಿನ ಚಾವಣಿ ಬೆಸೆದರೆ ಕೂಪೆ ಆಗುತ್ತದೆಯೇ?

ಪ್ರಶ್ನೆ: ಮುಂಬಯಿಯ ಮಾಟುಂಗಾದ ಓದುಗರೊಬ್ಬರು ಹೀಗೆ ಬರೆದಿದ್ದಾರೆ. "ನನ್ನ ಸೋದರಮಾವನವರು ಬಿಟ್ಟುಹೋದ 1966ರ ಎಂಜಿಬಿ ರೋಡ್‌ಸ್ಟರ್ ನಮ್ಮ ಕಟ್ಟಡದ ಹಿಂದಿನ ಶೆಡ್ಡಿನಲ್ಲಿದೆ. ಎಂಜಿನ್ ಚಾಲೂ ಆಗುತ್ತದೆ, ಆದರೆ ಬಟ್ಟೆಯ ಟಾಪ್ ಹರಿದು ಜಾಳಾಗಿದೆ. ಹೊಸ ಟಾಪ್ ಹೊಲಿಸುವ ಬದಲು ತಗಡಿನ ಚಾವಣಿಯನ್ನೇ ಬೆಸೆದುಬಿಡೋಣ, ಕಂಪನಿಯವರೂ ಹೀಗೇ ಮಾಡಿ ಅದನ್ನು ಜಿಟಿ ಎಂದು ಮಾರಿದ್ದು ಎಂದು ಗ್ಯಾರೇಜಿನ ಮಿಸ್ತ್ರಿಯವರು ಹೇಳುತ್ತಾರೆ. ಇಲ್ಲಿಯ ಮಳೆಗಾಲವನ್ನು ನೆನೆದರೆ ಅವರ ಮಾತು ಸರಿಯೆನಿಸುತ್ತದೆ. ತೆರೆದ ಕಾರುಗಳಿಂದ ಸ್ಪೋರ್ಟ್ಸ್ ಕೂಪೆಗಳು ಹುಟ್ಟಿದ್ದು ನಿಜವಾಗಿಯೂ ಹೀಗೆಯೇ? ನಮ್ಮ ಕಾರಿಗೆ ಹಾಗೆ ಮಾಡಿಸಬಹುದೇ?"

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ, ಏಕೆಂದರೆ ನಾನು ಇದನ್ನು ಬರೆದು ಮುಗಿಸುವಷ್ಟರಲ್ಲಿ ಯಾರಾದರೂ ಗ್ರೈಂಡರ್ ಹಿಡಿದು ನಿಂತಿರಬಹುದು. ದಯವಿಟ್ಟು ಮಾಡಿಸಬೇಡಿ. ಮೊದಲನೆಯದಕ್ಕೆ ಇಷ್ಟು ಚಿಕ್ಕ ಉತ್ತರ ಸಾಲದು. ಎಂಜಿಬಿ ಜಿಟಿ ಎಂಬ ಮುಚ್ಚಿದ ಕಾರು ಎಂಜಿಬಿ ರೋಡ್‌ಸ್ಟರಿನಿಂದಲೇ ಹುಟ್ಟಿತು ಎಂಬ ಮಟ್ಟಿಗೆ ನಿಮ್ಮ ಮಿಸ್ತ್ರಿಯವರ ಮಾತು ನಿಜ. ಆದರೆ ಅದು ಚಾವಣಿ ಬೆಸೆದು ಆದದ್ದಲ್ಲ. ತೆರೆದ ಕಾರಿನಿಂದ ಒಳ್ಳೆಯ ಕೂಪೆ ಹುಟ್ಟಿದ ಕಡೆಯಲ್ಲೆಲ್ಲ, ತಯಾರಕರು ಮುಂದಿನ ಗಾಜಿನ ಬುಡದಿಂದ ಹಿಂದಿನ ನಂಬರ್ ಪ್ಲೇಟಿನವರೆಗೆ ಕಾರಿನ ಮೈಯನ್ನು ಇನ್ನೊಮ್ಮೆ ಯೋಚಿಸಿದ್ದಾರೆ. ಹಾಗೆ ಯೋಚಿಸದೆ ಮುಚ್ಚಳ ಕೂರಿಸಿದ ಕಡೆ ಕಾರು ಕೆಟ್ಟಿದೆ.

ಎರಡು ಹೆಸರುಗಳ ಹಿನ್ನೆಲೆ ತಿಳಿದಿದ್ದರೆ ಮುಂದಿನದು ಸುಲಭವಾಗುತ್ತದೆ. ರೋಡ್‌ಸ್ಟರ್ ಎಂದರೆ ಮೂಲದಲ್ಲಿ ದೂರದಾರಿಯ ಸವಾರಿಗೆ ಒದಗುವ ಕುದುರೆ; ಕಾರುಗಳಲ್ಲಿ ಅದು ಗಟ್ಟಿ ಚಾವಣಿಯಿಲ್ಲದ, ಇಬ್ಬರು ಕೂರುವ ತೆರೆದ ಕಾರಿನ ಹೆಸರು. ಕೂಪೆ ಎಂಬುದು ಫ್ರೆಂಚ್ ಮಾತು, ಅದರ ಅರ್ಥ ಕತ್ತರಿಸಿದ್ದು. ಎದುರುಬದುರು ಆಸನಗಳಿದ್ದ ದೊಡ್ಡ ಸಾರೋಟಿನ ಮುಂದಿನ ಭಾಗವನ್ನು ಕತ್ತರಿಸಿ ಇಬ್ಬರು ಕೂರುವಷ್ಟೇ ಉಳಿಸಿಕೊಂಡ ಮುಚ್ಚಿದ ಗಾಡಿಗೆ ಆ ಹೆಸರು ಬಂತು. ಹೀಗೆ ಕೂಪೆಯು ಸಾಮಾನ್ಯವಾಗಿ ದೊಡ್ಡದನ್ನು ಚಿಕ್ಕದು ಮಾಡಿ ಹುಟ್ಟುವಂಥದ್ದು. ಇಂದಿಗೂ ಹೆಚ್ಚಿನ ಕೂಪೆಗಳು ಸೆಡಾನುಗಳ ತಮ್ಮಂದಿರೇ. ನೀವು ಕೇಳಿರುವ ಕವಲು ಬೇರೆ. ಇಲ್ಲಿ ಹಿರಿಯದು ತೆರೆದ ಕಾರು, ಮುಚ್ಚಿದ ಕಾರು ಅದರ ಮಗು. ಈ ವರಸೆ ಇಂಗ್ಲೆಂಡಿನಲ್ಲಿ ಬಲವಾಗಿ ಬೆಳೆಯಿತು. ಆ ದೇಶದ ಮಳೆಯನ್ನು ಕಂಡವರಿಗೆ ಏಕೆಂದು ಹೇಳಬೇಕಾಗಿಲ್ಲ; ಅಷ್ಟು ಮಳೆಯ ದೇಶದವರು ಅಷ್ಟು ತೆರೆದ ಕಾರುಗಳನ್ನು ಮಾಡಿದ್ದೇಕೆ ಎಂಬುದು ಮಾತ್ರ ನನಗೆ ಇನ್ನೂ ಒಗಟೇ.

ನಿಮ್ಮ ಕಾರಿನಿಂದಲೇ ತೊಡಗೋಣ. ಎಂಜಿಬಿ ರೋಡ್‌ಸ್ಟರ್ 1962ರಲ್ಲಿ ಬಂತು. ಸಿಡ್ ಎನೆವರ್ ಮುಖ್ಯ ಎಂಜಿನಿಯರಾಗಿದ್ದ, ಇಂಗ್ಲೆಂಡಿನ ಎಂಜಿ ಕಂಪನಿಯ ಆಬಿಂಗ್‌ಡನ್ ಕಾರ್ಖಾನೆಯ ಕಾರು ಇದು. ಇದಕ್ಕೆ ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು, ಅದರ ಮೇಲೆ ಬಾಡಿ ಕೂರುತ್ತಿತ್ತು. ಎಂಜಿಬಿಯಲ್ಲಿ ಬೇರೆ ಚಾಸಿಯೇ ಇಲ್ಲ. ಒತ್ತಿ ಬಾಗಿಸಿದ ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಮೇಲೆ ಚಾವಣಿ ಇಲ್ಲದ್ದರಿಂದ ಆ ಭಾರವೆಲ್ಲ ಬಾಗಿಲಿನ ಕೆಳಗೆ ಉದ್ದಕ್ಕೂ ಸಾಗುವ ಸಿಲ್ಲುಗಳ ಮೇಲೆ, ಮಧ್ಯದ ಗೇರ್‌ಬಾಕ್ಸ್ ಸುರಂಗದ ಮೇಲೆ ಮತ್ತು ಕಾಲಿಡುವ ಜಾಗದ ಮುಂದಿನ ಅಡ್ಡಗೋಡೆಯ ಮೇಲೆ ಬೀಳುತ್ತದೆ. ಹೊರಗಿನಿಂದ ಸಿಲ್ ಒಂದು ಸಾದಾ ಪಟ್ಟಿಯಂತೆ ಕಾಣುತ್ತದೆ; ಒಳಗೆ ನೋಡಿದರೆ ಹೊರತಗಡು, ಒಳತಗಡು ಮತ್ತು ಅವೆರಡರ ನಡುವೆ ನಿಲ್ಲಿಸಿದ ಇನ್ನೊಂದು ತಗಡು ಸೇರಿ ಅದು ಮುಚ್ಚಿದ ಪೆಟ್ಟಿಗೆಯಾಗಿದೆ. ನಿಮ್ಮ ಕಾರಿನ ಬೆನ್ನುಮೂಳೆ ಅದೇ.

ರೋಡ್‌ಸ್ಟರ್ ಬಂದ ಮೇಲೆ ಅದಕ್ಕೊಂದು ಮುಚ್ಚಿದ ರೂಪ ಕೊಡಲು ಇಂಗ್ಲೆಂಡಿನವರೇ ಚಿತ್ರ ಬಿಡಿಸಿ ನೋಡಿದರು, ಕೂಡಿಬರಲಿಲ್ಲ. ರೋಡ್‌ಸ್ಟರಿನ ಮುಂದಿನ ಗಾಜು ತೀರ ಗಿಡ್ಡ. ತೆರೆದ ಕಾರಿಗೆ ಅದು ಚೆಂದವೇ, ಆದರೆ ಅಷ್ಟು ಗಿಡ್ಡ ಗಾಜಿನ ನೆತ್ತಿಯಿಂದ ಚಾವಣಿ ಹೊರಟರೆ ಒಂದೋ ಕೂತವರ ತಲೆ ತಾಗುತ್ತದೆ, ಇಲ್ಲವೇ ಚಾವಣಿಯನ್ನು ಮಧ್ಯದಲ್ಲಿ ಗುಮ್ಮಟದಂತೆ ಉಬ್ಬಿಸಬೇಕಾಗುತ್ತದೆ. ಕಡೆಗೆ ಕೆಲಸ ಇಟಲಿಯ ಪಿನಿನ್‌ಫರೀನಾ ಎಂಬ ಕಾರು ವಿನ್ಯಾಸ ಸಂಸ್ಥೆಯ ಕೈಗೆ ಹೋಯಿತು. ಅವರು ಮಾಡಿದ ಮುಖ್ಯ ತಿದ್ದುಪಡಿ ಹೇಳಿದರೆ ಬಹಳ ಸಣ್ಣದು: ಮುಂದಿನ ಗಾಜನ್ನು ಎತ್ತರಿಸಿದರು. ಅದೊಂದು ಸರಿಹೋದೊಡನೆ ಚಾವಣಿಗೆ ನೇರವಾದ ದಾರಿ ಸಿಕ್ಕಿತು; ಅದು ಹಿಂದಕ್ಕೆ ಸಾಗಿ, ಮೇಲಕ್ಕೆ ತೆರೆಯುವ ಹಿಂಬಾಗಿಲಾಗಿ ಇಳಿಯಿತು. ಹಿಂದೆ ಮಕ್ಕಳಷ್ಟೇ ಕೂರಬಹುದಾದ ಸಣ್ಣ ಆಸನವೂ ಬಂತು. ಎಂಜಿಬಿ ಜಿಟಿ ಎಂಬ ಹೆಸರಿನಲ್ಲಿ 1965ರ ಅಕ್ಟೋಬರಿನಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದರು, 1980ರವರೆಗೆ ತಯಾರಿಸಿದರು.

ಈಗ ನಿಮ್ಮ ಕಾರಿನ ಬಳಿ ಹೋಗಿ ಮುಂದಿನ ಗಾಜನ್ನು ಹತ್ತಿರದಿಂದ ನೋಡಿ. ಗಾಜಿನ ಸುತ್ತ ಇರುವುದು ಅಲ್ಯೂಮಿನಿಯಮ್ ಚೌಕಟ್ಟು. ಆ ಚೌಕಟ್ಟಿನ ಎರಡೂ ಕಾಲುಗಳು ಬಾಡಿಯೊಳಕ್ಕೆ ಇಳಿದು ಬೋಲ್ಟಿನಿಂದ ಬಿಗಿದುಕೊಂಡಿವೆ. ಗಾಜಿನ ನಡುವೆ ಮೇಲಿನಿಂದ ಕೆಳಕ್ಕೆ ತೆಳ್ಳನೆಯ ಕಡ್ಡಿಯೊಂದಿದೆ, ಹಿಂದಿನದನ್ನು ನೋಡುವ ಕನ್ನಡಿಯನ್ನು ಅದಕ್ಕೇ ಸಿಕ್ಕಿಸಿದ್ದಾರೆ. ಜಿಟಿಯಲ್ಲಿ ಇದಾವುದೂ ಇಲ್ಲ. ಅಲ್ಲಿ ಗಾಜಿನ ಅಕ್ಕಪಕ್ಕದ ಕಂಬಗಳು ಉಕ್ಕಿನವು, ಅವು ಬಾಡಿಯ ಅಂಗವೇ, ಗಾಜು ರಬ್ಬರಿನ ಅಂಚಿನಲ್ಲಿ ಕೂರುತ್ತದೆ. ಉಕ್ಕಿನ ಚಾವಣಿಯನ್ನು ಅಲ್ಯೂಮಿನಿಯಮ್ ಚೌಕಟ್ಟಿಗೆ ಬೆಸೆಯಲು ಬರುವುದಿಲ್ಲ. ಆದ್ದರಿಂದ ನಿಮ್ಮ ಮಿಸ್ತ್ರಿಯವರು ಏನಾದರೂ ಪಟ್ಟಿ ಕಟ್ಟಿ, ಸ್ಕ್ರೂ ಜಡಿದು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯಬೇಕಾಗುತ್ತದೆ. ಅದು ಕಣ್ಣಿಗೆ ಕೂಪೆಯಂತೆ ಕಂಡೀತು. ಬಲದ ಲೆಕ್ಕದಲ್ಲಿ ಅದು ತಲೆಯ ಮೇಲೆ ಹೊತ್ತ ಬುಟ್ಟಿ.

ಬಲದ ಲೆಕ್ಕ ಎಂದೆ. ಅದನ್ನು ಮನೆಯಲ್ಲೇ ನೋಡಬಹುದು. ಪುಣೆಯಿಂದ ಯಾರಾದರೂ ತಂದುಕೊಟ್ಟ ಬಾಕರವಡಿಯ ರಟ್ಟಿನ ಪೆಟ್ಟಿಗೆ ಖಾಲಿಯಾದ ಮೇಲೆ ಎಸೆಯಬೇಡಿ. ಮುಚ್ಚಳ ತೆಗೆದು, ಪೆಟ್ಟಿಗೆಯ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ತಿರುಚಿ. ಮುಚ್ಚಳ ಅತ್ತಿತ್ತ ಜಾರುತ್ತದೆ, ಪೆಟ್ಟಿಗೆ ಮೊದಲಿನಂತೆಯೇ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳದ ನಾಲ್ಕೂ ಅಂಚಿಗೆ ಉದ್ದಕ್ಕೂ ಟೇಪು ಅಂಟಿಸಿ ತಿರುಚಿ ನೋಡಿ. ಅದೇ ರಟ್ಟು, ಅದೇ ತೂಕ, ಆದರೆ ಪೆಟ್ಟಿಗೆ ಕೈಗೆ ಬಗ್ಗುವುದಿಲ್ಲ. ಎಂಜಿನಿಯರಿಂಗ್ ಪಠ್ಯದ ಲೆಕ್ಕ ಇದಕ್ಕಿಂತ ಕಠೋರವಾಗಿದೆ: ಗೋಡೆಯ ದಪ್ಪದ ಹತ್ತರಷ್ಟು ತ್ರಿಜ್ಯವಿರುವ ಕೊಳವೆಯೊಂದನ್ನು ಉದ್ದಕ್ಕೂ ಒಂದೇ ಗೆರೆಯಲ್ಲಿ ಸೀಳಿದರೂ, ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾರಿನ ಬಾಡಿ ಅಷ್ಟು ಸರಳ ಕೊಳವೆಯಲ್ಲ, ಸಿಲ್ಲುಗಳು ತಾವೇ ಮುಚ್ಚಿದ ಪೆಟ್ಟಿಗೆಗಳಾಗಿರುವುದರಿಂದ ನಷ್ಟ ಅಷ್ಟಾಗುವುದಿಲ್ಲ. ಆದರೂ ತೆರೆದ ಕಾರು ಹಳ್ಳ ಹಾರಿದಾಗ ಡ್ಯಾಶ್‌ಬೋರ್ಡು ನಡುಗುವುದು, ಸ್ಟಿಯರಿಂಗ್ ಕೈಯಲ್ಲಿ ಕಂಪಿಸುವುದು, ಬಾಗಿಲು ಕಿರುಗುಟ್ಟುವುದು ಇದೇ ಕಾರಣದಿಂದ. ಟೇಪು ಅಂಟಿಸಿದ ಮುಚ್ಚಳ ಜಿಟಿಯದು, ಸುಮ್ಮನೆ ಮೇಲಿಟ್ಟ ಮುಚ್ಚಳ ನಿಮಗೆ ಬಂದಿರುವ ಸಲಹೆಯದು.

ಅರ್ಧಂಬರ್ಧ ಅಂಟಿಸಿದ ಮುಚ್ಚಳ ಇವೆರಡಕ್ಕಿಂತ ಕೆಟ್ಟದ್ದು. 1980ರ ದಶಕದ ನಡುವೆ, ನಾನಿನ್ನೂ ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೆಳೆಯರೊಬ್ಬರು ತಮ್ಮ ಇಂಗ್ಲಿಷ್ ತೆರೆದ ಕಾರಿಗೆ ಮುಂಬಯಿಯ ಗ್ಯಾರೇಜೊಂದರಲ್ಲಿ ಇಂಥದೇ ಚಾವಣಿ ಹಾಕಿಸಿದರು. ಗುಜರಿಗೆ ಬಂದಿದ್ದ ಫಿಯೆಟ್ಟೊಂದರ ಚಾವಣಿಯನ್ನು ಕತ್ತರಿಸಿ, ಅಗಲ ಕಡಿಮೆ ಮಾಡಿ, ಮುಂದೆ ನಾಲ್ಕು ಕಡೆ ಹಿಂದೆ ಆರು ಕಡೆ ಬಿಗಿದಿದ್ದರು. ಬಣ್ಣದ ಕೆಲಸ ಎಷ್ಟು ನಯವಾಗಿತ್ತೆಂದರೆ ನಾನೂ ಮೆಚ್ಚಿಕೊಂಡೆ. ಪುಣೆಗೆ ವಾಪಸು ಬರುವಾಗ ಖಂಡಾಳಾ ಘಾಟಿನಲ್ಲಿ, ಅಮೃತಾಂಜನ್ ಸೇತುವೆಯ ಹತ್ತಿರದ ತಿರುವನ್ನು ಹತ್ತುವಾಗ ಟಕ್ಕೆಂದು ಸದ್ದಾಯಿತು. ಮುಂದಿನ ಗಾಜಿನ ಎಡ ಕೆಳಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಹೊರಟಿತ್ತು. ಲೋಣಾವಳಾ ತಲುಪುವಷ್ಟರಲ್ಲಿ ಅದು ಬಲ ಮೇಲ್ಮೂಲೆ ಮುಟ್ಟಿತು. ಕಾರಣವನ್ನು ಆಮೇಲೆ ಬಿಚ್ಚಿ ನೋಡಿದಾಗ ಅರ್ಥವಾಯಿತು. ಮೊದಲು ಬಾಡಿ ತನ್ನಷ್ಟಕ್ಕೆ ತಿರುಚಿಕೊಂಡು ಸುಧಾರಿಸಿಕೊಳ್ಳುತ್ತಿತ್ತು. ಚಾವಣಿ ಅದನ್ನು ತಡೆಯಲು ಹೋಗಿ, ತಡೆಯುವ ಶಕ್ತಿಯಿಲ್ಲದೆ, ಬಂದ ಬಲವನ್ನೆಲ್ಲ ತನ್ನನ್ನು ಹಿಡಿದಿದ್ದ ನಾಲ್ಕು ಬಿಂದುಗಳ ಮೂಲಕ ಗಾಜಿನ ಚೌಕಟ್ಟಿಗೆ ದಾಟಿಸಿತ್ತು. ಅಲ್ಲದೆ ಬೋಲ್ಟಿನ ತೂತುಗಳಿಂದ ನೀರಿಳಿದು ಮರುವರ್ಷವೇ ಕಾಲಡಿಯ ತಗಡು ತುಕ್ಕು ಹಿಡಿಯಿತು. ಮಳೆಗಾಗಿಯೇ ಹಾಕಿಸಿದ್ದ ಚಾವಣಿ ಅದು.

ಹಾಗಾದರೆ ಬಲಕ್ಕಾಗಿಯೇ ಕೂಪೆಗಳು ಹುಟ್ಟಿದವೇ? ಇಲ್ಲ, ಬಲ ಅನೇಕ ಸಲ ಪುಕ್ಕಟೆ ಸಿಕ್ಕ ಲಾಭ. ಮೊದಲ ಕಾರಣ ಬಹುಮಟ್ಟಿಗೆ ಸೌಕರ್ಯ. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ಎಕ್ಸ್‌ಕೆ 120 ತೆರೆದ ಕಾರು. ಅದರ ಬಾಗಿಲಿಗೆ ಹೊರಗಡೆ ಹಿಡಿಕೆಯಿರಲಿಲ್ಲ, ಏರಿಸಿ ಇಳಿಸುವ ಗಾಜೂ ಇರಲಿಲ್ಲ. 1951ರಲ್ಲಿ ಅದರ ಕೂಪೆ ಬಂದಾಗ ಎರಡೂ ಬಂದವು, ಒಳಗೆ ಮರದ ಡ್ಯಾಶ್‌ಬೋರ್ಡೂ ಬಂತು. ಎಂಜಿಎ ಕಾರಿನದೂ ಇದೇ ಕತೆ: 1955ರಲ್ಲಿ ರೋಡ್‌ಸ್ಟರ್, ಮರುವರ್ಷ ಕೂಪೆ, ಕೂಪೆಯೊಡನೆ ಹಿಡಿಕೆ ಮತ್ತು ಗಾಜು. ಚಾವಣಿ ಬಂದರೆ ಬೀಗ ಬೇಕು, ಬೀಗ ಬಂದರೆ ಹಿಡಿಕೆ ಬೇಕು, ಗಾಳಿ ಆಡಲು ಗಾಜು ಇಳಿಯಬೇಕು. ಒಂದನ್ನು ಮುಟ್ಟಿದರೆ ಹತ್ತನ್ನು ಮುಟ್ಟಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಸೌಕರ್ಯವೆಂದರೆ ಆರಾಮವಷ್ಟೇ ಅಲ್ಲ. 1952ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಹತ್ತಿರದ ಮೋಂಲೆರಿ ಓಟದ ಮೈದಾನದಲ್ಲಿ ಸ್ಟರ್ಲಿಂಗ್ ಮಾಸ್, ಲೆಸ್ಲಿ ಜಾನ್ಸನ್ ಮತ್ತು ಇನ್ನಿಬ್ಬರು ಸರದಿಯ ಮೇಲೆ ಒಂದೇ ಎಕ್ಸ್‌ಕೆ 120 ಕೂಪೆಯನ್ನು 7 ದಿನ 7 ರಾತ್ರಿ ಓಡಿಸಿ, ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ಸಾಧಿಸಿದರು. ತೆರೆದ ಕಾರಿನಲ್ಲಿ ಗಾಳಿಯ ಹೊಡೆತ ತಿನ್ನುತ್ತ ವಾರಗಟ್ಟಲೆ ಹಾಗೆ ಕೂರುವುದನ್ನು ಊಹಿಸಿಕೊಳ್ಳಿ.

ಎರಡನೆಯ ಕಾರಣ ಗಾಳಿಯೇ. ತೆರೆದ ಕಾರಿನ ಮುಂದಿನ ಗಾಜನ್ನು ಹಾರಿ ಬಂದ ಗಾಳಿ ಆಸನಗಳ ಹಿಂದೆ ಕುಸಿದು ಸುಳಿಯಾಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಎಂಜಿಬಿ ಜಿಟಿಯ ತೂಕ ರೋಡ್‌ಸ್ಟರಿಗಿಂತ ಸುಮಾರು 100 ಕಿಲೋ ಹೆಚ್ಚು, ಎಂಜಿನ್ ಅದೇ 1,798 ಸಿಸಿಯದು. ಹೊರಡುವಾಗ ಅದು ತುಸು ನಿಧಾನ. ಆದರೆ ಉದ್ದ ರಸ್ತೆಯಲ್ಲಿ ಅದರ ಗರಿಷ್ಠ ವೇಗವೇ ಸ್ವಲ್ಪ ಹೆಚ್ಚು. ಓಟದ ಕಣದಲ್ಲಿ ಇದನ್ನು ಬಹಳ ಮೊದಲೇ ಅರಿತಿದ್ದರು. ಬಿಎಂಡಬ್ಲ್ಯು 328 ಎಂಬ 1936ರ ರೋಡ್‌ಸ್ಟರಿಗೆ ಇಟಲಿಯ ಟೂರಿಂಗ್ ಕಾರ್ಯಾಗಾರದವರು ಸಪೂರ ಕೊಳವೆಗಳ ಮೇಲೆ ಅಲ್ಯೂಮಿನಿಯಮ್ ತಗಡು ಹೊದಿಸಿ ಕೂಪೆಯ ಮೈ ಕೊಟ್ಟರು; ಎರಡು ಲೀಟರಿನ ಆ ಕಾರು 1939ರಲ್ಲಿ ಫ್ರಾನ್ಸಿನ 24 ಗಂಟೆಗಳ ಓಟವಾದ ಲ ಮಾನ್ಸ್‌ನಲ್ಲಿ ಐದನೆಯದಾಗಿ ಬಂತು, 1940ರಲ್ಲಿ ಇಟಲಿಯ ಮಿಲ್ಲೆ ಮಿಲಿಯಾ ಓಟವನ್ನೇ ಗೆದ್ದಿತು. ಅಮೆರಿಕದ ಕ್ಯಾರಲ್ ಶೆಲ್ಬಿಯ ಕೋಬ್ರಾ ರೋಡ್‌ಸ್ಟರ್ ಸಣ್ಣ ಓಟದ ದಾರಿಗಳಲ್ಲಿ ಎದುರಾಳಿಗಳಿಲ್ಲದಂತೆ ಓಡುತ್ತಿದ್ದರೂ ಲ ಮಾನ್ಸ್‌ನ ಉದ್ದನೆಯ ನೇರ ದಾರಿಯಲ್ಲಿ ಫೆರಾರಿಗಳ ಮುಂದೆ ಏದುಸಿರು ಬಿಡುತ್ತಿತ್ತು. ಪೀಟರ್ ಬ್ರಾಕ್ ಎಂಬ ಯುವ ವಿನ್ಯಾಸಕ ಅದೇ ಚಾಸಿಗೆ ಇಳಿಜಾರು ಚಾವಣಿಯ, ಬಾಲವನ್ನು ಥಟ್ಟನೆ ಕಡಿದ ಮೈಯೊಂದನ್ನು ಚಿತ್ರಿಸಿದರು. ಡೇಟೋನಾ ಕೂಪೆ ಎಂದು ಹೆಸರಾದ ಅಂಥ ಕಾರುಗಳು ಆದದ್ದು 6 ಮಾತ್ರ. 1964ರಲ್ಲಿ ಲ ಮಾನ್ಸ್‌ನಲ್ಲಿ ಒಟ್ಟಾರೆ ನಾಲ್ಕನೆಯ ಸ್ಥಾನ ಮತ್ತು ತನ್ನ ವರ್ಗದ ಗೆಲುವು, 1965ರಲ್ಲಿ ಜಿಟಿ ವರ್ಗದ ವಿಶ್ವ ಪ್ರಶಸ್ತಿ ಅವುಗಳ ಪಾಲಾದವು. ಎಂಜಿನ್ ಬದಲಿಸದೆ, ಬರೀ ಮೈ ಬದಲಿಸಿ ಬಂದ ವೇಗ ಅದು. ಆಗಲೂ ಚಾವಣಿಯ ಜೊತೆಗೆ ಚಾಸಿಗೆ ಹೆಚ್ಚಿನ ಕೊಳವೆಗಳನ್ನು ಬೆಸೆದು ಬಿಗಿ ಮಾಡಿದ್ದರು ಎಂಬುದನ್ನು ಗಮನಿಸಬೇಕು.

ನಮ್ಮ ದೇಶದ ರಸ್ತೆಗಳಿಗೆ ಹತ್ತಿರದ ಸಂಬಂಧವಿರುವ ಕವಲೂ ಒಂದಿದೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಿಮ್ಮ ತಂದೆಯವರ ವಯಸ್ಸಿನವರು ಮರೆತಿರಲಾರರು. ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆಯುತ್ತಿದ್ದ, ಒಂದು ಚಕ್ರದ ಮೇಲೆ ಕೂತು ರಿಪೇರಿ ಮಾಡಬಹುದಾಗಿದ್ದ ಕಾರು. ಅದರ ಇಂಗ್ಲಿಷ್ ಮೂಲವಾದ ಟ್ರಯಂಫ್ ಹೆರಾಲ್ಡಿನ ರೂಪ ಇಟಲಿಯ ಜಿಯೋವಾನಿ ಮಿಕೆಲೊಟ್ಟಿಯವರದು. ಅದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ರೋಡ್‌ಸ್ಟರ್ ಮಾಡಿದರು, ಅದರ ರೂಪವೂ ಮಿಕೆಲೊಟ್ಟಿಯವರದೇ. ಮುಂದೆ ಸ್ಪಿಟ್‌ಫೈರಿಗೆ ಅವರೇ ಇಳಿಜಾರು ಚಾವಣಿ ಹಾಕಿ ಮಾದರಿಯೊಂದನ್ನು ಮಾಡಿದರು. ನೋಡಲು ಸೊಗಸಾಗಿತ್ತು, ಆದರೆ ಹೆಚ್ಚಿದ ತೂಕವನ್ನು ಸ್ಪಿಟ್‌ಫೈರಿನ ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್ ಎಳೆಯಲಾರದಾಯಿತು. ಅದೇ ಆಕಾರದ ಹಗುರ ಚಾವಣಿ ಹೊತ್ತ ಸ್ಪಿಟ್‌ಫೈರುಗಳು ಓಟಕ್ಕಿಳಿದು 1965ರ ಲ ಮಾನ್ಸ್‌ನಲ್ಲಿ ತಮ್ಮ ವರ್ಗವನ್ನು ಗೆದ್ದವು. 1966ರಲ್ಲಿ ರಸ್ತೆಗಿಳಿದ ಕೂಪೆಗೆ ಎರಡು ಲೀಟರಿನ ಆರು ಸಿಲಿಂಡರ್ ಎಂಜಿನ್ ಕೊಟ್ಟು ಜಿಟಿ6 ಎಂದು ಹೆಸರಿಟ್ಟರು.

ಈ ಜಿಟಿ6 ನನಗೆ ಅತ್ಯಂತ ಪಾಠ ಕಲಿಸಿದ ಕಾರು, ಏಕೆಂದರೆ ಇದರಲ್ಲಿ ತಪ್ಪೂ ಇದೆ. ಹೆರಾಲ್ಡಿನ ಹಿಂದಿನ ಚಕ್ರಗಳನ್ನು ಹಿಡಿದಿದ್ದದ್ದು ಅಡ್ಡಲಾಗಿ ಕೂರಿಸಿದ ಒಂದೇ ಕಮಾನು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. ಚಕ್ರದ ಆಕ್ಸಲ್ ತೊಟ್ಟಿಲ ಹಗ್ಗದಂತೆ ನಡುವಿನಿಂದ ತೂಗುತ್ತಿತ್ತು. ತಿರುವಿನಲ್ಲಿ ಜೋರಾಗಿ ಹೋಗುವಾಗ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಮೇಲೆದ್ದು, ಚಕ್ರ ಒಳಕ್ಕೆ ಮಡಿಚಿಕೊಂಡು, ಕಾರಿನ ಹಿಂಭಾಗ ಜಾರುತ್ತಿತ್ತು. ಹೆರಾಲ್ಡಿನ ಸಾವಧಾನದ ಓಟದಲ್ಲಿ ಇದು ಅಷ್ಟಾಗಿ ಕಾಡುತ್ತಿರಲಿಲ್ಲ. ಆರು ಸಿಲಿಂಡರಿನ ಕೂಪೆಗೂ ಅದನ್ನೇ ಉಳಿಸಿದ್ದರಿಂದ ಟೀಕೆ ಬಂತು, 1968ರಲ್ಲಿ ಎರಡನೆಯ ಆವೃತ್ತಿಗೆ ಹಿಂದಿನ ಸಸ್ಪೆನ್ಷನನ್ನು ಹೊಸದಾಗಿ ಮಾಡಬೇಕಾಯಿತು. ಚಾವಣಿ, ತೂಕ, ಎಂಜಿನ್, ಚಕ್ರ ಒಂದರ ಬಾಲ ಒಂದು ಹಿಡಿದು ಬರುತ್ತವೆ. ಎಂಜಿಬಿ ಜಿಟಿಯನ್ನು ಮಾಡಿದವರು ಹಿಂದಿನ ಪಾಟಾಗಳನ್ನು ಗಟ್ಟಿ ಮಾಡಿ, ಬೇರೆ ಆಕ್ಸಲ್ ಹಾಕಿ ಆ ಎಚ್ಚರವನ್ನು ಮೊದಲೇ ವಹಿಸಿದ್ದರು.

ಹೆರಾಲ್ಡಿನ ಬಗ್ಗೆ ಇನ್ನೊಂದು ಮಾತು, ಏಕೆಂದರೆ ನಿಮ್ಮ ಮಿಸ್ತ್ರಿಯವರಿಗೆ ಈ ಧೈರ್ಯ ಬಂದದ್ದು ಅಲ್ಲಿಂದಲೇ ಇರಬಹುದು. ಅದಕ್ಕೆ ಪ್ರತ್ಯೇಕ ಚಾಸಿ ಇದ್ದದ್ದರಿಂದ, ಇಂಗ್ಲೆಂಡಿನಲ್ಲಿ ಅದರ ಸೆಡಾನ್, ಕೂಪೆ, ತೆರೆದ ಕಾರು ಮೂರನ್ನೂ ಒಂದೇ ತಳದ ಮೇಲೆ ಮಾಡುತ್ತಿದ್ದರು. ಚಾವಣಿಯನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದಿತ್ತು. ಚಾಸಿಯೇ ಭಾರ ಹೊರುವ ಕಾರಿನಲ್ಲಿ ಚಾವಣಿ ಬಂದರೂ ಹೋದರೂ ಕಾರು ನಿಂತಿರುತ್ತದೆ. ಎಂಜಿಬಿ ಅಂಥ ಕಾರಲ್ಲ.

ಹೊರಗಿನವರು ಯಾರೂ ರೋಡ್‌ಸ್ಟರಿಗೆ ಚಾವಣಿ ಹಾಕಿ ಮಾನ ಉಳಿಸಿಕೊಂಡಿಲ್ಲ ಎಂದೂ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಹೋವ್ ಎಂಬ ಊರಿನಲ್ಲಿ ಹ್ಯಾರಿಂಗ್ಟನ್ ಎಂಬ ಕಂಪನಿಯಿತ್ತು, ಬಸ್ ಬಾಡಿ ಕಟ್ಟುವುದು ಅವರ ಕಸಬು. ಅವರು ಸನ್‌ಬೀಮ್ ಆಲ್ಪೈನ್ ರೋಡ್‌ಸ್ಟರಿಗೆ ಫೈಬರ್‌ಗ್ಲಾಸಿನ ಇಳಿಜಾರು ಚಾವಣಿ ಕೂರಿಸಿ ಹ್ಯಾರಿಂಗ್ಟನ್ ಆಲ್ಪೈನ್ ಮಾಡಿದರು. ಅಂಥ ಕಾರೊಂದು 1961ರ ಲ ಮಾನ್ಸ್‌ನಲ್ಲಿ ಇಂಧನವನ್ನು ಅತ್ಯಂತ ದಕ್ಷವಾಗಿ ಬಳಸಿದ್ದಕ್ಕಾಗಿ ಕೊಡುವ ಬಹುಮಾನವನ್ನು ಗೆದ್ದುಕೊಂಡಿತು. ಜಿಟಿ ಬರುವ ಮೊದಲೇ ಬ್ರಸೆಲ್ಸ್‌ನ ಜಾಕ್ ಕೂನ್ ಎಂಬುವರು ಎಂಜಿಬಿಗೇ ಹಿಂಬದಿ ಬದಲಿಸಿ ಬೆರ್ಲಿನೆಟ್ ಎಂಬ ಕೂಪೆಯನ್ನು ಸಣ್ಣ ಸಂಖ್ಯೆಯಲ್ಲಿ ಮಾಡಿದ್ದರು. ಆದರೆ ಅವರೆಲ್ಲ ಅಚ್ಚು ಮಾಡಿ, ಒಂದೇ ರೂಪವನ್ನು ಮತ್ತೆ ಮತ್ತೆ ತೆಗೆದವರು, ಮೊದಲ ಕಾರಿನ ತಪ್ಪನ್ನು ಐದನೆಯದರಲ್ಲಿ ತಿದ್ದಿಕೊಂಡವರು. ನಿಮ್ಮ ಕಾರು ಮಿಸ್ತ್ರಿಯವರ ಮೊದಲನೆಯದಾಗುತ್ತದೆ, ಬಹುಶಃ ಕೊನೆಯದೂ.

ಈಚಿನ ಕಾಲದಲ್ಲಿ ಈ ಪರಂಪರೆಯ ಅತ್ಯಂತ ಸ್ವಾರಸ್ಯದ ಕಾರು ಬಿಎಂಡಬ್ಲ್ಯು ಝಡ್3 ಕೂಪೆ. ಝಡ್3 ರೋಡ್‌ಸ್ಟರ್ 1995ರಲ್ಲಿ ಬಂತು. ಅದರ ಬಾಡಿ ಇನ್ನಷ್ಟು ಬಿಗಿಯಾಗಿರಬೇಕಿತ್ತು ಎಂದು ಬುರ್ಕ್‌ಹಾರ್ಡ್ ಗೋಶೆಲ್ ಮುಂದಾಳುತನದ ಎಂಜಿನಿಯರುಗಳ ಸಣ್ಣ ಗುಂಪೊಂದು ಕಚೇರಿಯ ವೇಳೆ ಮುಗಿದ ಮೇಲೆ ಕೂತು ಕೂಪೆಯನ್ನು ರೂಪಿಸಿತು. ಆಡಳಿತದವರು ಒಪ್ಪಿದ್ದು ಖರ್ಚು ಕಡಿಮೆಯಿರಬೇಕು, ಆದಷ್ಟೂ ಭಾಗಗಳು ರೋಡ್‌ಸ್ಟರಿನವೇ ಆಗಿರಬೇಕು ಎಂಬ ಷರತ್ತಿನ ಮೇಲೆ. ಹೀಗಾಗಿ ಬಾಗಿಲಿನವರೆಗೆ ಅದು ರೋಡ್‌ಸ್ಟರ್, ಹಿಂದಕ್ಕೆ ಚಿಕ್ಕ ವ್ಯಾನಿನಂಥ ಬೆನ್ನು; ಜರ್ಮನರು ಅದನ್ನು ಕ್ರೀಡೆಯ ಬೂಟು ಎಂದು ಹಾಸ್ಯ ಮಾಡಿದರು, ಅಮೆರಿಕದವರು ಜೋಕರಿನ ಬೂಟು ಎಂದರು. ಆದರೆ ತಿರುಚುವಿಕೆಯನ್ನು ತಡೆಯುವ ಶಕ್ತಿ ರೋಡ್‌ಸ್ಟರಿನ ಎರಡೂವರೆ ಪಟ್ಟಿಗೂ ಮೀರಿತು. ನನಗೆ ಆ ಬೆನ್ನು ಚೆಂದವೇ ಕಾಣುತ್ತದೆ, ಏಕೆಂದರೆ ಅದರ ಪ್ರತಿ ಗೆರೆಗೂ ಕಾರಣವಿದೆ. ಪೋರ್ಷೆಯವರ ಬಾಕ್ಸ್‌ಟರ್ 1996ರ ತೆರೆದ ಕಾರು, ಅದರ ಕೂಪೆಯಾದ ಕೇಮನ್ 2005ರದು. ಸಾಮಾನ್ಯವಾಗಿ ಟಾಪ್ ಮಡಿಚುವ ಕಾರಿಗೇ ಹೆಚ್ಚು ಬೆಲೆ ಇರುವಾಗ, ಕೇಮನ್‌ಗೆ ಬಾಕ್ಸ್‌ಟರಿಗಿಂತ ಹೆಚ್ಚು ಬೆಲೆಯಿಟ್ಟು ಮಾರಿದರು. 2019ರ ಸುಮಾರಿಗೆ ಬಂದ ಬಿಎಂಡಬ್ಲ್ಯು ಝಡ್4 ರೋಡ್‌ಸ್ಟರ್ ಮತ್ತು ಟೊಯೊಟಾ ಸುಪ್ರಾ ಕೂಪೆ ಒಂದೇ ತಳದ ಮೇಲೆ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಜೊತೆಜೊತೆಗೆ ಹುಟ್ಟಿದವು. ಅಲ್ಲಿ ಹಿರಿಯರು ಯಾರು ಕಿರಿಯರು ಯಾರು ಎಂಬ ಲೆಕ್ಕ ಕಂಪನಿಗಳ ನಡುವಿನದು.

ಎದುರು ದಿಕ್ಕಿನ ಉದಾಹರಣೆಯೊಂದನ್ನು ಹೇಳದಿದ್ದರೆ ಓದುಗರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲಿನ ಮರ್ಸಿಡಿಸ್ 300 ಎಸ್‌ಎಲ್ 1954ರಲ್ಲಿ ಕೂಪೆಯಾಗಿಯೇ ಹುಟ್ಟಿ, 1957ರಲ್ಲಿ ರೋಡ್‌ಸ್ಟರಾಯಿತು. ಕೊಳವೆಗಳ ಜಾಲದಂಥ ಅದರ ಚಾಸಿ ಬಾಗಿಲ ಬಳಿ ಎಷ್ಟು ಎತ್ತರವಿತ್ತೆಂದರೆ ಪಕ್ಕಕ್ಕೆ ತೆರೆಯುವ ಬಾಗಿಲು ಸಾಧ್ಯವಿರಲಿಲ್ಲ, ಆದ್ದರಿಂದಲೇ ಆ ರೆಕ್ಕೆಗಳು. ಚಾವಣಿ ತೆಗೆಯಬೇಕೆಂದಾಗ ರೆಕ್ಕೆ ಸಿಕ್ಕಿಸಲು ಜಾಗವೇ ಇಲ್ಲ. ಚಾಸಿಯ ಪಕ್ಕಗಳನ್ನು ತಗ್ಗಿಸಿ ಬೇರೆ ರೀತಿ ಕಟ್ಟಬೇಕಾಯಿತು. ಮುಚ್ಚುವುದಿರಲಿ ತೆರೆಯುವುದಿರಲಿ, ಕೆಲಸ ಅಷ್ಟೇ ಆಳದ್ದು.

ಇನ್ನು ನಿಮ್ಮ ಕಾರು. ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅದಕ್ಕಿಂತ ನಿಮಗೆ ಮುಖ್ಯವಾದದ್ದು 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ. ಮೊದಲ ಮಾರಾಟದಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿ, ಬಾಡಿಯ ಕವಚ ಅಥವಾ ಎಂಜಿನ್ ಬದಲಾಗದ ವಾಹನಗಳಿಗೆ ಅದು ವಿಎ ಅಕ್ಷರಗಳ ಪ್ರತ್ಯೇಕ ನೋಂದಣಿ ಸಂಖ್ಯೆ ಕೊಡುತ್ತದೆ. ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಮುಂತಾದವಕ್ಕೆ ಓಡಿಸಬಹುದು. ನಿಮ್ಮ ಕಾರು ವಯಸ್ಸಿನಲ್ಲಿ ಅರ್ಹವಾಗಿದೆ. ಚಾವಣಿ ಬೆಸೆದ ದಿನವೇ ಆ ಅರ್ಹತೆ ಹೋಗುತ್ತದೆ. ಸೋದರಮಾವನವರ ಕಾರು ಎಂದು ಬರೆದಿದ್ದೀರಿ. ಬೆಲೆಯ ಲೆಕ್ಕ ಬಿಟ್ಟರೂ ಅದನ್ನು ಇದ್ದಂತೆ ಇರಿಸಿಕೊಳ್ಳಲು ಅದೊಂದು ಕಾರಣ ಸಾಕಲ್ಲವೇ?

ಟಾಪ್ ಹೊಲಿಸುವ ಮೊದಲು ಸಿಲ್ಲುಗಳನ್ನು ಪರೀಕ್ಷಿಸಿ. ಮಾಟುಂಗಾದ ಶೆಡ್ಡಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿದ ಮಳೆಯ ತೇವ, ಮೇಲೆ ಕಡಲ ಗಾಳಿ. ತುಕ್ಕು ಇಲ್ಲದಿದ್ದರೆ ಆಶ್ಚರ್ಯ. ಬಾಗಿಲನ್ನು ಮುಚ್ಚಿ, ಅದರ ಹಿಂದಿನ ಅಂಚಿನ ಸಂದು ಮೇಲೆ ಕೆಳಗೆ ಒಂದೇ ಅಗಲವಿದೆಯೇ ನೋಡಿ. ಮೇಲುಗಡೆ ಸಂದು ಕಿರಿದಾಗಿ ಬಾಗಿಲು ಉಜ್ಜುತ್ತಿದ್ದರೆ ಕಾರು ನಡುವಿನಲ್ಲಿ ಕುಸಿಯುತ್ತಿದೆ ಎಂದರ್ಥ, ಆಗ ಸಿಲ್ಲುಗಳ ಕೆಲಸ ಮೊದಲಾಗಬೇಕು. ಸಿಲ್ ಕತ್ತರಿಸುವ ಮುನ್ನ ಬಾಗಿಲ ಬಾಯಿಗೆ ಅಡ್ಡಲಾಗಿ ಕೋನಪಟ್ಟಿ ಬೆಸೆದು ಬಿಗಿ ಮಾಡಿಸಿ, ಒಂದು ಬದಿ ಮುಗಿದ ಮೇಲಷ್ಟೇ ಇನ್ನೊಂದು ಬದಿ ಮುಟ್ಟಿಸಿ. ಇದನ್ನು ಮಾಡದೆ ಎರಡೂ ಸಿಲ್ಲುಗಳನ್ನು ಒಟ್ಟಿಗೆ ಕತ್ತರಿಸಿದರೆ ಕಾರು ಬಾಳೆಹಣ್ಣಿನಂತೆ ಬಾಗುತ್ತದೆ, ಮತ್ತೆ ಬಾಗಿಲು ಕೂರುವುದಿಲ್ಲ.

ಟಾಪಿಗೆ ಜೀಪಿನ ಹುಡ್ ಹೊಲಿಯುವ ಒಳ್ಳೆಯ ಕುಶಲಕರ್ಮಿ ಸಾಕು. ಹಳೆಯ ಬಟ್ಟೆ ಎಷ್ಟೇ ಹರಿದಿರಲಿ, ಅದನ್ನು ಬಿಚ್ಚಿ ಅಳತೆಗೆ ಕೊಡಿ, ಕಡ್ಡಿಗಳ ಚೌಕಟ್ಟನ್ನು ಎಸೆಯಬೇಡಿ. ಗಟ್ಟಿ ಚಾವಣಿಯೇ ಬೇಕೆಂದಿದ್ದರೆ, ಎಂಜಿಬಿಗೆ ತೆಗೆದು ಹಾಕಬಹುದಾದ ಫೈಬರ್‌ಗ್ಲಾಸಿನ ಹಾರ್ಡ್‌ಟಾಪುಗಳು ಆ ಕಾಲದಲ್ಲೇ ಸಿಗುತ್ತಿದ್ದವು. ಅದೇ ಅಚ್ಚಿನದನ್ನು ಹುಡುಕಿ, ಇಲ್ಲವೇ ಅದರ ಅಳತೆಯಲ್ಲಿ ಮಾಡಿಸಿ. ಅದು ಕಾರನ್ನು ಬಿಗಿ ಮಾಡುತ್ತೇನೆಂದು ಹೇಳಿಕೊಳ್ಳುವುದಿಲ್ಲ, ಮಳೆಯನ್ನು ಮಾತ್ರ ತಡೆಯುತ್ತದೆ. ದೀಪಾವಳಿಯ ಹೊತ್ತಿಗೆ ಇಬ್ಬರು ಹಿಡಿದು ಎತ್ತಿ ಗೋಡೆಗೆ ಒರಗಿಸಿಡಬಹುದು. ಮೊದಲ ದೊಡ್ಡ ಮಳೆಯಾದ ಮರುದಿನ ಮಾತ್ರ ಮರೆಯದೆ ಕಾಲಡಿಯ ಕಾರ್ಪೆಟ್ಟನ್ನು ಎತ್ತಿ, ಕೆಳಗಿನ ತಗಡನ್ನು ಅಂಗೈಯಿಂದ ಸವರಿ ನೋಡಿ. ಒದ್ದೆಯಿದ್ದರೆ ಮುಂದಿನ ಗಾಜಿನ ಚೌಕಟ್ಟಿನ ಕಾಲುಗಳ ಬುಡದ ರಬ್ಬರನ್ನು ಬದಲಿಸಬೇಕು.